ತಡೆ ಇದೆ ಸರಿ, ಇಂದು ಕೆಲಸ ಮಾಡುತ್ತದೆಯೇ?

ದೊಡ್ಡ ತಾಂತ್ರಿಕ ವ್ಯವಸ್ಥೆಯನ್ನು ನಡೆಸುವ ಯಾವ ಸಂಸ್ಥೆಗೆ ಹೋದರೂ ಅಲ್ಲಿ ರಿಸ್ಕ್ ರಿಜಿಸ್ಟರ್ ಎಂಬ ದಾಖಲೆಯೊಂದು ಇದ್ದೇ ಇರುತ್ತದೆ. ಅಪಾಯ ಯಾವುದು, ಅದು ಸಂಭವಿಸುವ ಸಾಧ್ಯತೆ ಎಷ್ಟು, ಸಂಭವಿಸಿದರೆ ಆಗುವ ನಷ್ಟ ಎಷ್ಟು, ತಡೆಯಲು ಏನು ಏರ್ಪಾಡು ಮಾಡಲಾಗಿದೆ, ಹೊಣೆ ಯಾರದು ಎಂಬ ಕಾಲಂಗಳು ಅದರಲ್ಲಿರುತ್ತವೆ. ಒಂದೊಂದು ಸಾಲಿಗೂ ಕೆಂಪು, ಹಳದಿ ಅಥವಾ ಹಸಿರು ಬಣ್ಣ ಹಚ್ಚಿರುತ್ತಾರೆ. ಇಂಥ ವ್ಯವಸ್ಥೆಗಳನ್ನು ಹಗಲಿರುಳು ನಡೆಸುವ ಕೆಲಸದಲ್ಲಿರುವ ನನಗೆ ಈ ದಾಖಲೆಯ ಬಗ್ಗೆ ತಕರಾರಿಲ್ಲ, ಅದರ ಒಂದು ಕಾಲಂ ಬಗ್ಗೆ ಮಾತ್ರ ಇದೆ. ತಡೆಯ ಏರ್ಪಾಡು ಎಂಬಲ್ಲಿ ‘ಬ್ಯಾಕಪ್ ಇದೆ’, ‘ಅಲಾರಂ ಇದೆ’, ‘ಸ್ಟ್ಯಾಂಡ್‌ಬೈ ಪಂಪ್ ಇದೆ’ ಎಂದು ಬರೆದಿರುತ್ತದೆ. ಅವು ಇಂದು, ಈ ಶಿಫ್ಟಿನಲ್ಲಿ, ಕೆಲಸ ಮಾಡುವ ಸ್ಥಿತಿಯಲ್ಲಿವೆಯೇ ಎಂಬುದನ್ನು ಆ ಕಾಲಂ ಹೇಳುವುದಿಲ್ಲ, ಸಾಮಾನ್ಯವಾಗಿ ಯಾರೂ ಕೇಳುವುದೂ ಇಲ್ಲ. ದೊಡ್ಡ ಅವಘಡಗಳ ತನಿಖಾ ವರದಿಗಳನ್ನು ಓದುತ್ತಾ ಹೋದರೆ, ಯಾರ ಊಹೆಗೂ ನಿಲುಕದ ಅಪಾಯ ಬಂದೆರಗಿದ ಪ್ರಸಂಗಗಳು ಕಡಿಮೆ. ಗೊತ್ತಿದ್ದ ಅಪಾಯಕ್ಕೆಂದು ಕಟ್ಟಿದ್ದ ತಡೆಗಳು ಸದ್ದಿಲ್ಲದೆ ಸವೆದುಹೋಗಿದ್ದ ಪ್ರಸಂಗಗಳೇ ಹೆಚ್ಚು.

ಭೋಪಾಲ್ ಇದಕ್ಕೆ ಅತ್ಯಂತ ನೋವಿನ ಉದಾಹರಣೆ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ಟ್ಯಾಂಕಿನಲ್ಲಿದ್ದ ಸುಮಾರು 40 ಟನ್ ವಿಷಕಾರಿ ಮೀಥೈಲ್ ಐಸೊಸಯನೇಟ್‌ಗೆ ನೀರು ಸೇರಿ ಉಷ್ಣತೆ ಏರತೊಡಗಿದಾಗ, ಅದನ್ನು ಹಿಡಿದು ನಿಲ್ಲಿಸಬೇಕಾದ ಏರ್ಪಾಡುಗಳು ಕಾರ್ಖಾನೆಯ ನಕ್ಷೆಯಲ್ಲಿ ಒಂದಲ್ಲ, ಹಲವು ಇದ್ದವು. ಟ್ಯಾಂಕನ್ನು ತಂಪಾಗಿಡಬೇಕಿದ್ದ ಶೀತಲೀಕರಣ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಹೊರಬಂದ ಅನಿಲವನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ತೊಳೆಯುವ ಸ್ಕ್ರಬ್ಬರ್ ಸ್ಟ್ಯಾಂಡ್‌ಬೈ ಸ್ಥಿತಿಯಲ್ಲಿತ್ತು. ಉಳಿದ ಅನಿಲವನ್ನು ಸುಟ್ಟುಹಾಕುವ ಫ್ಲೇರ್ ಗೋಪುರಕ್ಕೆ ಹೋಗುವ ಕೊಳವೆಯ ಒಂದು ತುಂಡನ್ನು ದುರಸ್ತಿಗೆಂದು ಬಿಚ್ಚಿಡಲಾಗಿತ್ತು. ಕೊನೆಗೆ ನೀರು ಚಿಮುಕಿಸಲು ನೋಡಿದರೆ, ಆ ನೀರು ಅನಿಲ ಹೊರಬರುತ್ತಿದ್ದ ಎತ್ತರಕ್ಕೆ ತಲುಪಲೇ ಇಲ್ಲ.

ಈ ಪಟ್ಟಿಯನ್ನು ಓದುವಾಗ ಒಂದು ಸಂಗತಿ ಗಮನಕ್ಕೆ ಬರಬೇಕು. ಅಪಾಯದ ಲೆಕ್ಕ ಹಾಕುವವರು ಸಾಮಾನ್ಯವಾಗಿ ಒಂದು ತಡೆ ನೂರರಲ್ಲಿ ಒಂದು ಸಲ ಕೈಕೊಡುತ್ತದೆ ಎಂದು ಹಿಡಿದು, ಅಂಥ ಮೂರು ತಡೆಗಳಿದ್ದರೆ ಮೂರೂ ಒಟ್ಟಿಗೆ ಕೈಕೊಡುವ ಸಾಧ್ಯತೆ ಹತ್ತು ಲಕ್ಷದಲ್ಲಿ ಒಂದು ಎಂದು ಗುಣಿಸಿಬಿಡುತ್ತಾರೆ. ಒಂದು ತಡೆಯ ಸೋಲಿಗೂ ಇನ್ನೊಂದರ ಸೋಲಿಗೂ ಏನೂ ಸಂಬಂಧವಿಲ್ಲದಿದ್ದರೆ ಮಾತ್ರ ಈ ಗುಣಾಕಾರ ಸರಿ. ಭೋಪಾಲ್‌ನಲ್ಲಿ ಸಂಬಂಧವಿತ್ತು: ನಷ್ಟದಲ್ಲಿದ್ದ ಕಾರ್ಖಾನೆಯ ಖರ್ಚು ಕಡಿತವೆಂಬ ಒಂದೇ ಒತ್ತಡ ಸಿಬ್ಬಂದಿಯ ಮೇಲೂ ನಿರ್ವಹಣೆಯ ಮೇಲೂ ರಕ್ಷಣಾ ಉಪಕರಣಗಳ ಮೇಲೂ ಕೈಯಾಡಿಸಿತ್ತು. ಯಂತ್ರಗಳ ನಕ್ಷೆಯಲ್ಲಿ ಬೇರೆ ಬೇರೆಯಾಗಿ ಕಾಣುವ ತಡೆಗಳು ಬಜೆಟ್ಟಿನಲ್ಲಿ ಒಂದೇ ಬಾಬಿನಡಿ ಬರುವುದುಂಟು. ಆ ಬಾಬಿಗೆ ಕತ್ತರಿ ಬಿದ್ದ ದಿನವೇ ಹಳೆಯ ಗುಣಾಕಾರವನ್ನು ಅಳಿಸಿ ಹೊಸದಾಗಿ ಲೆಕ್ಕ ಹಾಕಬೇಕು. ಇದನ್ನು ಮಾಡಿದ ಸಂಸ್ಥೆಯನ್ನು ನಾನು ಕಂಡಿರುವುದು ಬಹಳ ಕಡಿಮೆ.

ತಡೆ ಸೋತಿರುವುದು ಗೊತ್ತಾಗದೇ ಇರುವುದು ಇನ್ನೊಂದು ಬಗೆಯ ಸಂಕಟ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ತ್ರೀ ಮೈಲ್ ಐಲ್ಯಾಂಡ್ ಅಣು ವಿದ್ಯುತ್ ಸ್ಥಾವರದ ಎರಡನೇ ಘಟಕದಲ್ಲಿ 1979ರ ಮಾರ್ಚ್ 28ರ ನಸುಕಿನ 4 ಗಂಟೆಯ ಹೊತ್ತಿಗೆ ನೀರು ಪೂರೈಸುವ ಪಂಪುಗಳು ನಿಂತವು. ಇಂಥ ಸಂದರ್ಭಕ್ಕೆಂದೇ ಇದ್ದ ತುರ್ತು ಪಂಪುಗಳು ತಾವಾಗಿಯೇ ಚಾಲೂ ಆದವು, ಆದರೆ ಅವುಗಳ ನೀರು ಹರಿಯಬೇಕಾದ ದಾರಿಯ ವಾಲ್ವುಗಳು ಮುಚ್ಚಿದ್ದವು. ಅದು ತಿಳಿಯಲು 8 ನಿಮಿಷ ಬೇಕಾಯಿತು. ನಿಯಂತ್ರಣ ಫಲಕದಲ್ಲಿ ಆ ವಾಲ್ವುಗಳ ಸ್ಥಿತಿ ತೋರಿಸುವ ದೀಪಗಳಲ್ಲಿ ಒಂದನ್ನು ದುರಸ್ತಿಯ ಚೀಟಿಯೊಂದು ಮರೆಮಾಡಿತ್ತು. ಅಷ್ಟರಲ್ಲಿ ರಿಯಾಕ್ಟರಿನ ಒತ್ತಡ ಏರಿ ರಿಲೀಫ್ ವಾಲ್ವ್ ತೆರೆದುಕೊಂಡಿತ್ತು. ಒತ್ತಡ ಇಳಿದ ಮೇಲೆ ಅದು ಮುಚ್ಚಿಕೊಳ್ಳಬೇಕಿತ್ತು, ಮುಚ್ಚಿಕೊಳ್ಳಲಿಲ್ಲ. ಆದರೆ ಫಲಕದ ಮೇಲಿದ್ದ ಅದರ ದೀಪ ಆರಿತು. ಆ ದೀಪಕ್ಕೆ ವಾಲ್ವಿನ ನಿಜವಾದ ಸ್ಥಿತಿಯ ಜೊತೆ ಸಂಪರ್ಕವೇ ಇರಲಿಲ್ಲ. ಮುಚ್ಚು ಎಂಬ ಆಜ್ಞೆ ಹೋಯಿತೇ ಇಲ್ಲವೇ ಎಂಬುದನ್ನಷ್ಟೇ ಅದು ತೋರಿಸುತ್ತಿತ್ತು. ಆಜ್ಞೆ ಹೋಗಿತ್ತು, ಆದ್ದರಿಂದ ದೀಪ ಆರಿತು, ದೀಪ ಆರಿದ್ದರಿಂದ ವಾಲ್ವ್ ಮುಚ್ಚಿದೆ ಎಂದು ನಿಯಂತ್ರಣ ಕೊಠಡಿಯವರು ನಂಬಿದರು. ನೂರಕ್ಕೂ ಹೆಚ್ಚು ಅಲಾರಂಗಳು ಒಟ್ಟಿಗೆ ಅರಚುತ್ತಿದ್ದ ಆ ಕೊಠಡಿಯಲ್ಲಿ, ತಣಿಸುವ ನೀರು ಹೆಚ್ಚಾಗಿದೆಯೆಂದು ತಿಳಿದು ಅವರು ತುರ್ತು ನೀರಿನ ಹರಿವನ್ನೂ ತಗ್ಗಿಸಿದರು. ಎರಡು ಗಂಟೆಗೂ ಹೆಚ್ಚು ಕಾಲ ನೀರು ಸೋರಿಹೋಗಿ, ರಿಯಾಕ್ಟರಿನ ಒಡಲಿನ ಸುಮಾರು ಅರ್ಧ ಭಾಗ ಕರಗಿತು.

ಇದಕ್ಕಿಂತ ಹೆಚ್ಚು ಕಾಡುವ ವಿಷಯ ಇದರ ಹಿಂದಿನ ಕಥೆ. 1977ರ ಸೆಪ್ಟೆಂಬರಿನಲ್ಲಿ ಓಹಾಯೊದ ಡೇವಿಸ್ ಬೆಸ್ಸೆ ಸ್ಥಾವರದಲ್ಲಿ, ಅದೇ ತಯಾರಕರ ರಿಯಾಕ್ಟರಿನಲ್ಲಿ, ಅದೇ ಬಗೆಯ ವಾಲ್ವ್ ಹೀಗೆಯೇ ತೆರೆದು ನಿಂತಿತ್ತು. ರಿಯಾಕ್ಟರ್ ಕಡಿಮೆ ಶಕ್ತಿಯಲ್ಲಿ ಓಡುತ್ತಿದ್ದುದರಿಂದ ಮತ್ತು ಸುಮಾರು 20 ನಿಮಿಷಗಳಲ್ಲಿ ಅಲ್ಲಿನವರು ಕಾರಣ ಕಂಡುಹಿಡಿದುದರಿಂದ ಅನಾಹುತ ತಪ್ಪಿತು. ತಯಾರಕ ಸಂಸ್ಥೆಯ ಎಂಜಿನಿಯರ್ ಒಬ್ಬರು 1978ರ ಆರಂಭದಲ್ಲಿ, ಇಂಥ ಸ್ಥಿತಿಯಲ್ಲಿ ತುರ್ತು ನೀರನ್ನು ನಿಲ್ಲಿಸಬಾರದೆಂದು ಎಲ್ಲ ಸ್ಥಾವರಗಳಿಗೂ ಸೂಚನೆ ಕಳುಹಿಸಬೇಕು ಎಂದು ಸಂಸ್ಥೆಯೊಳಗೆ ಟಿಪ್ಪಣಿ ಬರೆದರು. ಆ ಸೂಚನೆ ತ್ರೀ ಮೈಲ್ ಐಲ್ಯಾಂಡನ್ನು ಸಮಯಕ್ಕೆ ತಲುಪಲಿಲ್ಲ. ಕೂದಲೆಳೆಯಲ್ಲಿ ತಪ್ಪಿದ ಅವಘಡವೊಂದು ಮುಂದಿನ ಅವಘಡದ ಪೂರ್ಣ ವಿವರವನ್ನು ಉಚಿತವಾಗಿ ಕೊಟ್ಟಿರುತ್ತದೆ. ಅದನ್ನು ಓದಬೇಕಾದವರ ಮೇಜಿಗೆ ಮುಟ್ಟಿಸುವ ಕೆಲಸ ಯಾರ ಹುದ್ದೆಯ ವಿವರಣೆಯಲ್ಲೂ ಇರುವುದಿಲ್ಲ. ವಿಮಾನಯಾನದವರು ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಅಮೆರಿಕದಲ್ಲಿ 1976ರಿಂದ ನಡೆಯುತ್ತಿರುವ ವಿಮಾನಯಾನ ಸುರಕ್ಷತಾ ವರದಿ ವ್ಯವಸ್ಥೆಯನ್ನು ದಂಡ ಹಾಕುವ ಅಧಿಕಾರವುಳ್ಳ ಇಲಾಖೆ ತಾನೇ ಇಟ್ಟುಕೊಳ್ಳದೆ ನಾಸಾಕ್ಕೆ ವಹಿಸಿತು. ಉದ್ದೇಶಪೂರ್ವಕವಲ್ಲದ ತಪ್ಪನ್ನು ತಾವಾಗಿಯೇ ವರದಿ ಮಾಡಿದವರ ಹೆಸರು ಗೋಪ್ಯವಾಗಿರುತ್ತದೆ, ದಂಡದಿಂದಲೂ ಮಿತಿಯೊಳಗೆ ರಕ್ಷಣೆ ಸಿಗುತ್ತದೆ. ವರದಿ ಪಡೆಯುವವರು ಮತ್ತು ಶಿಕ್ಷೆ ಕೊಡುವವರು ಬೇರೆಯಾಗಿರಬೇಕೆಂಬ ಈ ಏರ್ಪಾಡನ್ನು ಸಾಫ್ಟ್‌ವೇರ್ ಸಂಸ್ಥೆಗಳು ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ ಎಂಬುದು ನನ್ನ ಅಭಿಪ್ರಾಯ.

ಸಾಫ್ಟ್‌ವೇರ್‌ನ ಮಾತು ಬಂದುದರಿಂದ ಅಲ್ಲಿಯದೇ ಒಂದು ಪ್ರಸಂಗ. 2017ರ ಜನವರಿ 31ರ ರಾತ್ರಿ, ಸಾಫ್ಟ್‌ವೇರ್ ತಂಡಗಳು ತಮ್ಮ ಕೋಡ್ ಇಟ್ಟುಕೊಳ್ಳುವ ಸೇವೆಯಾದ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ದ್ವಿತೀಯ ಡೇಟಾಬೇಸ್ ಸರ್ವರಿನಲ್ಲಿ ಅಳಿಸಬೇಕಿದ್ದ ಫೋಲ್ಡರನ್ನು ಮುಖ್ಯ ಸರ್ವರಿನಲ್ಲಿ ಅಳಿಸಿದರು. ಕೆಲವೇ ಕ್ಷಣಗಳಲ್ಲಿ ತಿಳಿದು ನಿಲ್ಲಿಸಿದರೂ ಸುಮಾರು 300 ಗಿಗಾಬೈಟ್ ಹೋಗಿಬಿಟ್ಟಿತ್ತು. ಆಗ ಬ್ಯಾಕಪ್ ಹುಡುಕಿದರು. ಪ್ರತಿದಿನ ತೆಗೆಯಬೇಕಿದ್ದ ಬ್ಯಾಕಪ್ ಇರಬೇಕಾದ ಜಾಗ ಖಾಲಿಯಾಗಿತ್ತು, ಏಕೆಂದರೆ ಬ್ಯಾಕಪ್ ತೆಗೆಯುವ ಪ್ರೋಗ್ರಾಂ ಡೇಟಾಬೇಸಿಗಿಂತ ಹಳೆಯ ಆವೃತ್ತಿಯದಾಗಿದ್ದು ಪ್ರತಿ ಸಲವೂ ವಿಫಲವಾಗುತ್ತಿತ್ತು. ವಿಫಲವಾದಾಗ ಇಮೇಲ್ ಬರುವ ಏರ್ಪಾಡೂ ಇತ್ತು. ಆದರೆ ಆ ಇಮೇಲ್‌ಗಳಿಗೆ ಬೇಕಾದ ದೃಢೀಕರಣ ಇಲ್ಲದ್ದರಿಂದ ಮೇಲ್ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಒಟ್ಟು ಐದು ವಿಧಾನಗಳಲ್ಲಿ ಯಾವುದೂ ಭರವಸೆಯಿಂದ ಕೈಹಿಡಿಯಲಿಲ್ಲ. ಬೇರೇನೋ ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಒಂದು ಪ್ರತಿಯೇ ಕೊನೆಗೆ ಅವರನ್ನು ಉಳಿಸಿತು. ಗಿಟ್‌ಲ್ಯಾಬ್‌ನವರು ಇದೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು, ಹಾಗಾಗಿ ನಮಗೆ ಇಷ್ಟು ವಿವರ ಗೊತ್ತು. ಅದಕ್ಕಾಗಿ ಅವರ ಬಗ್ಗೆ ನನಗೆ ಗೌರವವಿದೆ.

ಇಲ್ಲಿ ತಡೆಯೂ ಇತ್ತು, ತಡೆ ಸೋತರೆ ಎಚ್ಚರಿಸುವ ಕಾವಲೂ ಇತ್ತು, ಆ ಕಾವಲು ಮಾತ್ರ ಮೂಕವಾಗಿತ್ತು. ‘ತಪ್ಪಾದರೆ ಸಂದೇಶ ಬರುತ್ತದೆ’ ಎಂಬ ಏರ್ಪಾಡಿನಲ್ಲಿ ಮೌನಕ್ಕೆ ಎರಡು ಅರ್ಥ: ಎಲ್ಲವೂ ಸರಿಯಿದೆ, ಅಥವಾ ಸಂದೇಶವೇ ಬರುತ್ತಿಲ್ಲ. ಆದ್ದರಿಂದ ನಾನು ಕೆಲಸ ಮಾಡುವ ತಂಡದಲ್ಲಿ ಕ್ರಮವನ್ನು ತಿರುಗಿಸಿದ್ದೇವೆ. ಬ್ಯಾಕಪ್ ಯಶಸ್ವಿಯಾದಾಗ ಸಂದೇಶ ಬರಬೇಕು, ನಿಗದಿತ ಹೊತ್ತಿನೊಳಗೆ ಅದು ಬಾರದಿದ್ದರೆ ಬೇರೊಂದು ಯಂತ್ರ ಕೂಗಬೇಕು. ಅದೂ ಸಾಲದು. ಬ್ಯಾಕಪ್ಪಿನಿಂದ ದತ್ತಾಂಶವನ್ನು ಖಾಲಿ ಸರ್ವರಿಗೆ ನಿಜವಾಗಿ ಮರಳಿ ತುಂಬಿ, ಕೊನೆಯ ವಹಿವಾಟು ಅದರಲ್ಲಿದೆಯೇ ಎಂದು ನೋಡಿ, ತುಂಬಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಟ್ಟರೆ ಮಾತ್ರ ‘ಬ್ಯಾಕಪ್ ಇದೆ’ ಎನ್ನಬಹುದು. ಆ ಕೊನೆಯ ಅಂಕಿ ಬಹಳ ಮುಖ್ಯ. ಎಲ್ಲ ದತ್ತಾಂಶವೂ ಸುರಕ್ಷಿತವಾಗಿದ್ದು, ಮರಳಿ ತರಲು ನಾಲ್ಕು ದಿನ ಬೇಕೆಂದರೆ, ಬಳಸುವವರ ಪಾಲಿಗೆ ಅದು ಇಲ್ಲದ ಹಾಗೆಯೇ.

ಹಾಗಾದರೆ ಎಲ್ಲವನ್ನೂ ಪರೀಕ್ಷಿಸುತ್ತಲೇ ಇದ್ದರೆ ಆಯಿತೇ ಎಂದು ಕೇಳಬಹುದು. ಪರೀಕ್ಷೆಯೂ ಒಂದು ಕಾರ್ಯಾಚರಣೆ, ಅದಕ್ಕೂ ಅದರದೇ ಅಪಾಯವಿದೆ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನ ನಾಲ್ಕನೇ ಘಟಕ ಸಿಡಿದದ್ದು ಸುರಕ್ಷತಾ ಪರೀಕ್ಷೆಯೊಂದು ನಡೆಯುತ್ತಿದ್ದಾಗಲೇ. ಹೊರಗಿನ ವಿದ್ಯುತ್ ನಿಂತುಹೋದರೆ, ಡೀಸೆಲ್ ಜನರೇಟರುಗಳು ಚಾಲೂ ಆಗುವವರೆಗೆ ಉಗಿ ಟರ್ಬೈನಿನ ಉಳಿದ ತಿರುಗುವಿಕೆಯಿಂದ ಪಂಪುಗಳನ್ನು ಓಡಿಸಬಹುದೇ ಎಂದು ನೋಡುವುದು ಅದರ ಉದ್ದೇಶವಾಗಿತ್ತು. ವಿದ್ಯುತ್ ಜಾಲದವರ ಕೋರಿಕೆಯಂತೆ ಪರೀಕ್ಷೆಯನ್ನು ಗಂಟೆಗಟ್ಟಲೆ ಮುಂದೂಡಲಾಗಿ, ಅದು ರಾತ್ರಿಯ ಶಿಫ್ಟಿನ ಕೈಗೆ ಬಂತು. ಪರೀಕ್ಷೆಗೆ ಅಡ್ಡಿಯಾಗದಿರಲೆಂದು ತುರ್ತು ತಣಿಸುವಿಕೆಯ ವ್ಯವಸ್ಥೆಯನ್ನು ಬೇರ್ಪಡಿಸಿದ್ದರು, ರಿಯಾಕ್ಟರನ್ನು ತಾನಾಗಿ ನಿಲ್ಲಿಸುವ ಕೆಲವು ಸಂಕೇತಗಳನ್ನೂ ತಡೆಹಿಡಿದಿದ್ದರು. ರಿಯಾಕ್ಟರಿನ ವಿನ್ಯಾಸದಲ್ಲೇ ಗಂಭೀರ ದೋಷಗಳಿದ್ದವು ಎಂಬುದು ನಿಜ, ಮತ್ತು ಸಿಬ್ಬಂದಿಗೆ ಅವುಗಳ ಪೂರ್ಣ ಅರಿವಿರಲಿಲ್ಲ. ಆದರೂ ಒಂದು ತಡೆಯನ್ನು ಪರೀಕ್ಷಿಸಲು ಇನ್ನೊಂದು ತಡೆಯನ್ನು ತೆಗೆದಿಡಬೇಕಾದರೆ ಆ ಪರೀಕ್ಷೆಯನ್ನು ಅಲ್ಲಿಗೇ ಬಿಟ್ಟು ಬೇರೆ ವಿಧಾನ ಹುಡುಕಬೇಕು ಎಂಬುದನ್ನು ಇದರಿಂದ ಕಲಿಯದೆ ಬೇರೆ ದಾರಿಯಿಲ್ಲ. ಯಾವ ಅಂಕಿ ದಾಟಿದರೆ ಪರೀಕ್ಷೆ ನಿಲ್ಲಿಸಬೇಕು, ನಿಲ್ಲಿಸುವ ಮಾತನ್ನು ಯಾರು ಹೇಳಬಹುದು ಎಂಬುದನ್ನು ಆರಂಭಿಸುವ ಮೊದಲೇ ಬರೆದಿಟ್ಟಿರಬೇಕು. ಮುಂದೂಡಿದ ಪರೀಕ್ಷೆಯನ್ನು ಸಿದ್ಧತೆಯಿಲ್ಲದ ಶಿಫ್ಟಿಗೆ ದಾಟಿಸಬಾರದು.

ಶಿಫ್ಟಿನಿಂದ ಶಿಫ್ಟಿಗೆ ದಾಟುವ ಆ ಕೆಲವು ನಿಮಿಷಗಳ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 167 ಜನ ಸತ್ತರು. ಹಗಲಿನಲ್ಲಿ ಒಂದು ಪಂಪಿನ ಸುರಕ್ಷತಾ ವಾಲ್ವನ್ನು ದುರಸ್ತಿಗೆ ಬಿಚ್ಚಿ, ಆ ಜಾಗಕ್ಕೆ ತಾತ್ಕಾಲಿಕವಾಗಿ ಮುಚ್ಚಳ ಹಾಕಿದ್ದರು, ಕೆಲಸ ಮುಗಿದಿರಲಿಲ್ಲ. ರಾತ್ರಿ ಇನ್ನೊಂದು ಪಂಪ್ ಕೆಟ್ಟಾಗ, ವಾಲ್ವ್ ಬಿಚ್ಚಿರುವ ವಿಷಯ ತಿಳಿಯದ ಶಿಫ್ಟಿನವರು ಮೊದಲ ಪಂಪನ್ನು ಚಾಲೂ ಮಾಡಲು ಹೊರಟರು. ಕೆಲಸಕ್ಕೆ ಮುನ್ನ ಲಿಖಿತ ಅನುಮತಿ ಪಡೆಯುವ ಪರ್ಮಿಟ್ ಪದ್ಧತಿ ಕಟ್ಟುನಿಟ್ಟಾಗಿ ಇರಬೇಕಾದ ಜಾಗ ಅದು. ಪಂಪಿನ ಕೆಲಸಕ್ಕೂ ವಾಲ್ವಿನ ಕೆಲಸಕ್ಕೂ ಬೇರೆ ಬೇರೆ ಪರ್ಮಿಟ್‌ಗಳಿದ್ದು, ವಾಲ್ವಿನ ಸಂಗತಿ ಒಬ್ಬರಿಂದೊಬ್ಬರಿಗೆ ದಾಟಲಿಲ್ಲ. ಆ ಮುಚ್ಚಳದಿಂದ ಸೋರಿದ ಅನಿಲಕ್ಕೆ ಬೆಂಕಿ ಹತ್ತಿದಾಗ ನೀರೆರಚುವ ಡೀಸೆಲ್ ಪಂಪುಗಳು ತಾವಾಗಿ ಚಾಲೂ ಆಗಲಿಲ್ಲ, ಏಕೆಂದರೆ ಅವನ್ನು ಕೈಯಿಂದ ಚಾಲೂ ಮಾಡುವ ಸ್ಥಿತಿಗೆ ಬದಲಿಸಿಟ್ಟಿದ್ದರು. ಸಮುದ್ರದಲ್ಲಿ ಮುಳುಗುಗಾರರು ಕೆಲಸ ಮಾಡುವಾಗ ಪಂಪಿನ ಸೆಳೆತಕ್ಕೆ ಸಿಕ್ಕಬಾರದೆಂಬ ಕಾಳಜಿಯಿಂದ ಬಂದ ಪದ್ಧತಿ ಅದು. ಕಾಳಜಿ ಸರಿಯಾದದ್ದೇ; ಆದರೆ ಮುಳುಗುಗಾರರು ಪಂಪಿನ ಬಾಯಿಯಿಂದ ದೂರದಲ್ಲಿದ್ದರೂ ಅದೇ ರೂಢಿ ನಡೆದುಬಂದಿತ್ತು.

ಈ ಅವಘಡದ ತನಿಖಾ ವರದಿಯನ್ನು ಓದಿದ ನಂತರ ನಾನು ಶಿಫ್ಟ್ ಬದಲಾವಣೆಯ ಹೊತ್ತಿಗೆ ಒಂದು ರೂಢಿಯನ್ನು ಬಿಡದೆ ಪಾಲಿಸುತ್ತಿದ್ದೇನೆ. ಬೈಪಾಸ್ ಮಾಡಿದ, ಮ್ಯೂಟ್ ಮಾಡಿದ, ಆಟೋದಿಂದ ಮ್ಯಾನ್ಯುಯಲ್‌ಗೆ ಬದಲಿಸಿದ ಪ್ರತಿಯೊಂದನ್ನೂ ಹೋಗುವವರು ಬಾಯಿಬಿಟ್ಟು ಓದುತ್ತಾರೆ, ಬಂದವರು ಅದನ್ನು ತಮ್ಮ ಮಾತಿನಲ್ಲಿ ಮರಳಿ ಹೇಳುತ್ತಾರೆ. ‘ಎರಡನೇ ಪಂಪಿನ ಕಂಪನದ ಅಲಾರಂ ಮ್ಯೂಟ್, ಸೆನ್ಸರ್ ಬದಲಾಯಿಸಬೇಕು’ ಎಂಬ ಸಾಲು ಲಾಗ್‌ಬುಕ್ಕಿನಲ್ಲಿದ್ದರೆ, ಯಾರು ಮ್ಯೂಟ್ ಮಾಡಿದರು, ಯಾವಾಗ, ಯಾವ ದಿನ ಅದನ್ನು ತೆಗೆಯುತ್ತಾರೆ, ಅಲ್ಲಿಯವರೆಗೆ ಆ ಪಂಪಿನ ಮೇಲೆ ಕಣ್ಣಿಡುವವರು ಯಾರು ಎಂಬ ನಾಲ್ಕು ವಿವರಗಳಿಲ್ಲದೆ ಆ ಸಾಲನ್ನು ಒಪ್ಪುವಂತಿಲ್ಲ. ತೆಗೆಯುವ ದಿನಾಂಕ ದಾಟಿದರೆ ಬೈಪಾಸ್ ತಾನಾಗಿ ಮುಂದುವರಿಯುವುದಿಲ್ಲ. ಮೊದಲು ಅನುಮತಿ ಕೊಟ್ಟವರಿಗಿಂತ ಒಂದು ಹಂತ ಮೇಲಿನವರ ಸಹಿ ಬೇಕು. ಇದರಿಂದ ಮೇಲಿನವರಿಗೆ ಕಿರಿಕಿರಿಯಾಗುತ್ತದೆ, ಆಗಲೇಬೇಕು. ಕೆಳಗಿನವರು ದಿನವೂ ಹೊತ್ತುಕೊಂಡಿರುವ ಅಪಾಯ ಸಹಿ ಹಾಕುವವರ ಕಣ್ಣಿಗೂ ಬೀಳಲು ಇದಕ್ಕಿಂತ ಸರಳ ಉಪಾಯ ನನಗೆ ತಿಳಿದಿಲ್ಲ.

ಡೆನ್ಮಾರ್ಕಿನ ಸುರಕ್ಷತಾ ಸಂಶೋಧಕ ಯೆನ್ಸ್ ರಾಸ್ಮುಸೆನ್ ಈ ಸವೆತವನ್ನು 1997ರಲ್ಲಿ ಸ್ಪಷ್ಟವಾಗಿ ವಿವರಿಸಿದರು. ಒಂದು ಕಡೆಯಿಂದ ಖರ್ಚು ತಗ್ಗಿಸುವ ಒತ್ತಡ, ಇನ್ನೊಂದು ಕಡೆಯಿಂದ ಶ್ರಮ ತಗ್ಗಿಸುವ ಸಹಜ ಪ್ರವೃತ್ತಿ, ಇವೆರಡರ ನಡುವೆ ದಿನನಿತ್ಯದ ಕೆಲಸ ಯಾರೂ ತೀರ್ಮಾನಿಸದೆಯೇ ಸುರಕ್ಷತೆಯ ಅಂಚಿನತ್ತ ಜರುಗುತ್ತಾ ಹೋಗುತ್ತದೆ ಎಂಬುದು ಅವರ ವಿಚಾರ. ನಿನ್ನೆ ಏನೂ ಆಗಲಿಲ್ಲ ಎಂಬುದೇ ಇವತ್ತಿನ ಅನುಮತಿಯಾಗುತ್ತದೆ. ಕೊಲಂಬಿಯಾ ಬಾಹ್ಯಾಕಾಶ ನೌಕೆಯ ಇಂಧನ ಟ್ಯಾಂಕಿನಿಂದ ಶಾಖನಿರೋಧಕ ಫೋಮ್ ತುಂಡುಗಳು ಕಳಚಿ ಬೀಳುವುದು ಹಿಂದಿನ ಎಷ್ಟೋ ಉಡಾವಣೆಗಳಲ್ಲಿ ಕಂಡಿದ್ದ ಸಂಗತಿಯೇ. 2003ರಲ್ಲಿ ಒಂದು ತುಂಡು ಎಡರೆಕ್ಕೆಯ ಅಂಚಿಗೆ ಬಡಿದು, ಫೆಬ್ರವರಿ 1ರಂದು ಹಿಂದಿರುಗುವಾಗ ಕಲ್ಪನಾ ಚಾವ್ಲಾ ಸೇರಿ ಏಳು ಜನರನ್ನು ಕಳೆದುಕೊಂಡೆವು.

ಬದಲಾವಣೆ ಮಾಡುವ ದಿನಗಳಲ್ಲಿ ಈ ಎಲ್ಲ ದೌರ್ಬಲ್ಯಗಳೂ ಒಟ್ಟಿಗೆ ಹೊರಬೀಳುತ್ತವೆ. ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ 2012ರ ಆಗಸ್ಟ್ 1ಕ್ಕೆ ಮೊದಲು ತನ್ನ ಎಂಟು ಸರ್ವರುಗಳಿಗೆ ಹೊಸ ಪ್ರೋಗ್ರಾಂ ಹಾಕಬೇಕಿತ್ತು. ಏಳಕ್ಕೆ ಹಾಕಿ ಒಂದು ಬಿಟ್ಟುಹೋಯಿತು. ಎಂಟನೆಯದರಲ್ಲಿ 2003ರಿಂದ ಬಳಕೆಯಲ್ಲಿಲ್ಲದ ಹಳೆಯ ಕೋಡ್ ಇನ್ನೂ ಕೂತಿತ್ತು, ಆ ಕೋಡನ್ನು ಚಾಲೂ ಮಾಡುತ್ತಿದ್ದ ಸಂಕೇತವನ್ನೇ ಹೊಸ ಪ್ರೋಗ್ರಾಂ ಬೇರೆ ಅರ್ಥದಲ್ಲಿ ಬಳಸಿಕೊಂಡಿತ್ತು. ಮಾರುಕಟ್ಟೆ ತೆರೆದ ಕೂಡಲೇ ಹಳೆಯ ಕೋಡ್ ಎಚ್ಚೆತ್ತು ಷೇರುಗಳನ್ನು ಕೊಳ್ಳುತ್ತಾ ಮಾರುತ್ತಾ ಹೋಯಿತು. ಕಾರಣ ತಿಳಿಯದ ಸಿಬ್ಬಂದಿ ಹೊಸ ಪ್ರೋಗ್ರಾಂ ತಪ್ಪೆಂದು ಭಾವಿಸಿ ಸರಿಯಾಗಿದ್ದ ಏಳು ಸರ್ವರುಗಳಿಂದಲೂ ಅದನ್ನು ತೆಗೆದುಹಾಕಿದರು, ಆಗ ತೊಂದರೆ ಎಂಟೂ ಸರ್ವರುಗಳಿಗೆ ಹರಡಿತು. ಸುಮಾರು 45 ನಿಮಿಷಗಳಲ್ಲಿ 46 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತು. ಮಾರುಕಟ್ಟೆ ತೆರೆಯುವ ಮೊದಲೇ ಅವರ ವ್ಯವಸ್ಥೆ ಈ ದೋಷವನ್ನು ಸೂಚಿಸುವ 97 ಇಮೇಲ್‌ಗಳನ್ನು ಕಳುಹಿಸಿತ್ತು. ಅವುಗಳನ್ನು ಎಚ್ಚರಿಕೆಯೆಂದು ಪರಿಗಣಿಸುವ ಪದ್ಧತಿ ಅಲ್ಲಿರಲಿಲ್ಲ. ಹಿಂದಕ್ಕೆ ಸರಿಯುವುದನ್ನು, ಅಂದರೆ ರೋಲ್‌ಬ್ಯಾಕನ್ನು, ಎಲ್ಲರೂ ಸುರಕ್ಷಿತ ದಾರಿಯೆಂದು ನಂಬಿರುತ್ತಾರೆ. ಅದೂ ಪರೀಕ್ಷಿಸಿ ನೋಡಬೇಕಾದ ಒಂದು ತಡೆಯೇ.

ಹೊರಗಿನವರು ಒದಗಿಸುವ ತಡೆಗಳ ಪ್ರಶ್ನೆ ಇನ್ನೂ ಕಠಿಣವಾದದ್ದು. 2024ರ ಜುಲೈ 19ರಂದು, ಯಂತ್ರಗಳನ್ನು ಸೈಬರ್ ದಾಳಿಯಿಂದ ಕಾಪಾಡುವ ಸಾಫ್ಟ್‌ವೇರ್ ಒದಗಿಸುವ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಒಂದು ಸಣ್ಣ ಫೈಲ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ಅದನ್ನು 78 ನಿಮಿಷಗಳಲ್ಲಿ ಹಿಂತೆಗೆದುಕೊಂಡರೂ, ಬಿದ್ದ ಯಂತ್ರಗಳಲ್ಲಿ ಬಹಳಷ್ಟನ್ನು ಒಂದೊಂದಾಗಿ ಕೈಯಿಂದಲೇ ಎಬ್ಬಿಸಬೇಕಾಯಿತು. ಬಳಕೆದಾರ ಸಂಸ್ಥೆಗಳಲ್ಲಿ ಅನೇಕರು ಎಚ್ಚರಿಕೆಯಿಂದ ಒಂದು ಆವೃತ್ತಿ ಹಿಂದೆಯೇ ಇರುವ ಆಯ್ಕೆಯನ್ನು ಮಾಡಿಕೊಂಡಿದ್ದರು. ಆ ಆಯ್ಕೆ ಮುಖ್ಯ ಸಾಫ್ಟ್‌ವೇರಿಗೆ ಮಾತ್ರ ಅನ್ವಯಿಸುತ್ತಿತ್ತು. ಈ ಫೈಲ್ ಬಂದ ಮಾರ್ಗ ಬೇರೆ, ಆ ಮಾರ್ಗದಲ್ಲಿ ಎಲ್ಲರಿಗೂ ಒಟ್ಟಿಗೆ ತಲುಪುತ್ತಿತ್ತು. ಇಂಥ ತಡೆಯನ್ನು ನಾವು ಕೈಯಾರೆ ಪರೀಕ್ಷಿಸಲಾರೆವು, ಆದರೆ ಪೂರೈಕೆದಾರರನ್ನು ಕೇಳಬಹುದು: ನಮ್ಮ ಯಂತ್ರದ ವರ್ತನೆಯನ್ನು ಬದಲಿಸಬಲ್ಲ ಮಾರ್ಗಗಳು ಒಟ್ಟು ಎಷ್ಟಿವೆ, ಯಾವುದರಲ್ಲಿ ಹಂತಹಂತವಾಗಿ ಕಳುಹಿಸುತ್ತೀರಿ, ಯಾವುದರಲ್ಲಿ ತಡಮಾಡುವ ಹಕ್ಕು ನಮಗಿದೆ? ಈ ಪ್ರಶ್ನೆಗಳನ್ನು ಗುತ್ತಿಗೆಯ ಭಾಗವಾಗಿಯೇ ಕೇಳಬೇಕು, ಲಿಖಿತವಾಗಿ ಉತ್ತರ ಪಡೆಯಬೇಕು. ಉತ್ತರ ಬಾರದ ಮಾರ್ಗದಲ್ಲಿ ತಡೆಯೇ ಇಲ್ಲವೆಂದು ಹಿಡಿದು, ನಿಂತರೆ ಜೀವಕ್ಕೋ ಮುಖ್ಯ ಸೇವೆಗೋ ಕುತ್ತು ತರುವ ಕೆಲವು ಯಂತ್ರಗಳನ್ನಾದರೂ ಆ ಮಾರ್ಗದಿಂದ ಹೊರಗಿಟ್ಟು ಬೇರೆ ವಿಧಾನದಲ್ಲಿ ಕಾಪಾಡಬೇಕಾಗುತ್ತದೆ. ಎರಡು ವಿಧಾನಗಳನ್ನು ಒಟ್ಟಿಗೆ ನಡೆಸುವುದು ದುಬಾರಿ, ಅದಕ್ಕೆ ಬೇರೆಯೇ ಪರಿಣತಿ ಬೇಕು, ಆಡಿಟ್ ಮಾಡುವವರು ಏಕೆಂದು ಪ್ರತಿವರ್ಷ ಕೇಳುತ್ತಾರೆ. ಪ್ರತಿವರ್ಷವೂ ಉತ್ತರಿಸುವುದೂ ಈ ಕೆಲಸದ ಒಂದು ಭಾಗ.